ಅಳಿಯ ತಂದ ಎರಡು ಶಿಲುಬೆಗಳು

ಮೇಷ್ಟ್ರೇ, ನಿಮ್ಮ ಕಾಗದ ಬಂತು, ಫೋಟೋಗಳೂ ಬಂದವು. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಮೊದಲು ನಾಲ್ಕು ಸಾಲು. ದಾವಣಗೆರೆಯ ಈ ನಿವೃತ್ತ ಮೇಷ್ಟ್ರ ಅಳಿಯ ಬರ್ಲಿನ್ನಿನಲ್ಲಿದ್ದಾರೆ. ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಜರ್ಮನ್ ಸೈನಿಕರಿಗೆ ಕೊಡುತ್ತಿದ್ದ ಎರಡು ‘ಐರನ್ ಕ್ರಾಸ್’ (ಕಬ್ಬಿಣದ ಶಿಲುಬೆ) ಪದಕ ಕೊಂಡು ಮಾವನಿಗೆ ತಂದುಕೊಟ್ಟಿದ್ದಾರೆ. ಒಂದರ ಮೇಲೆ 1914 ಅಂತಿದೆ, ಇನ್ನೊಂದರ ಮೇಲೆ 1939. ಎರಡನೆಯದಕ್ಕೆ ಮಾರುವವನು ನಡುವೆ ಒಂದು ಪುಟ್ಟ ಸ್ಟಿಕ್ಕರ್ ಅಂಟಿಸಿದ್ದನಂತೆ, ಕಿತ್ತು ನೋಡಿದರೆ ಅಡಿಯಲ್ಲಿ ಸ್ವಸ್ತಿಕ. ಮೇಷ್ಟ್ರು ಕೇಳಿದ್ದು ಇಷ್ಟು: ಇವು ಅಸಲಿಯಾ, ಬೆಲೆ ಎಷ್ಟು, ನಾವು ಹೊಸ್ತಿಲ ಮೇಲೆ ಬರೆಯುವ ಸ್ವಸ್ತಿಕವನ್ನು ಅಲ್ಲಿ ಯಾಕೆ ಮುಚ್ಚಿಡುತ್ತಾರೆ, ಷೋಕೇಸಿನಲ್ಲಿ ಗಣಪತಿ ಪಕ್ಕ ಇಟ್ಟರೆ ತಪ್ಪಾ? ಮನೆಯವರು ಎರಡನ್ನೂ ಹುಣಸೆಹಣ್ಣು ಹಾಕಿ ತಿಕ್ಕಲು ಕೂತಿದ್ದಾರೆ ಅಂತ ಕೊನೆಗೊಂದು ಸಾಲು ಬೇರೆ.

ದಯವಿಟ್ಟು ಅವರನ್ನು ಮೊದಲು ತಡೆಯಿರಿ! ಆ ಕಪ್ಪು ಕೊಳೆಯಲ್ಲ. ಒಳಗಿರುವುದು ಕಪ್ಪು ಬಣ್ಣ ಬಳಿದ ಕಬ್ಬಿಣದ ಬಿಲ್ಲೆ, ಅದರ ಸುತ್ತ ಬೆಳ್ಳಿಯ ಅಂಚು. ಹುಳಿ ತಾಗಿದರೆ ಬಣ್ಣ ಹೋಗುತ್ತದೆ, ತುಕ್ಕು ಶುರುವಾಗುತ್ತದೆ.

ಕಬ್ಬಿಣವೇ ಯಾಕೆ ಅಂದರೆ, ಈ ಪದಕ ಶುರುವಾದದ್ದು 1813ರಲ್ಲಿ, ನೆಪೋಲಿಯನ್ ವಿರುದ್ಧ ಎದ್ದು ನಿಂತ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ. ಬೊಕ್ಕಸ ಬರಿದಾಗಿತ್ತು. ಹೆಂಗಸರು ಚಿನ್ನದ ಒಡವೆ ಬಿಚ್ಚಿ ಯುದ್ಧದ ಖರ್ಚಿಗೆ ಕೊಟ್ಟು, ಬದಲಿಗೆ ಕಬ್ಬಿಣದ ಉಂಗುರ ಹಾಕಿಕೊಳ್ಳುತ್ತಿದ್ದ ಕಾಲ ಅದು. ರಾಜನೂ ಪದಕಕ್ಕೆ ಕಬ್ಬಿಣವನ್ನೇ ಆರಿಸಿದ. ವಿನ್ಯಾಸಕ್ಕೆ ರೂಪ ಕೊಟ್ಟವನು ಬರ್ಲಿನ್ನಿನ ದೊಡ್ಡ ದೊಡ್ಡ ಕಟ್ಟಡ ಕಟ್ಟಿದ ಶಿಂಕೆಲ್.

ಈಗ ಅಸಲಿ ನಕಲಿ ವಿಚಾರ. ಇಪ್ಪತ್ತೈದು ವರ್ಷದ ಹಿಂದೆ ನಾನೂ ಒಂದು ಕೊಂಡೆ. ಮಾರಿದವನು ಅರ್ಧ ಗಂಟೆ ಕಥೆ ಹೇಳಿದ, ಯಾವುದೋ ಪೈಲಟ್ಟು, ಯಾವುದೋ ವಿಧವೆ, ಸುಮ್ನೆ ತಲೆದೂಗಿ ದುಡ್ಡು ಎಣಿಸಿಕೊಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಅಂಚೂ ನಡುಭಾಗವೂ ಒಂದೇ ಎರಕ! ಅಸಲಿಯಲ್ಲಿ ಹಾಗಿರೋದಿಲ್ಲ. ಅಂಚು ಮುಂದೊಂದು ಹಿಂದೊಂದು ಎರಡು ಭಾಗ, ನಡುವೆ ಕಬ್ಬಿಣದ ಬಿಲ್ಲೆ ಕೂರಿಸಿ ಬೆಸುಗೆ ಹಾಕಿರುತ್ತಾರೆ. ನಿಮ್ಮ 1914ರದ್ದನ್ನು ಬೆರಳಲ್ಲಿ ಅಡ್ಡ ಹಿಡಿದು ಬದಿಯನ್ನು ನೋಡಿ, ಕೂದಲೆಳೆಯಂಥ ಬೆಸುಗೆ ಗೆರೆ ಸುತ್ತಲೂ ಹೋಗಿರಬೇಕು. ಮುಂಭಾಗದಲ್ಲಿ ಮೇಲೆ ಕಿರೀಟ, ನಡುವೆ ಕೈಸರ್ (ಜರ್ಮನ್ ಚಕ್ರವರ್ತಿ) ವಿಲ್ಹೆಲ್ಮನ ‘ಡಬ್ಲ್ಯೂ’, ಕೆಳಗೆ ಇಸವಿ. ಹಿಂದೆ ಮೂರು ಓಕ್ ಎಲೆ, ಕೆಳಗೆ 1813. ರಿಬ್ಬನ್ ಪೋಣಿಸುವ ಬಳೆಯ ಮೇಲೆ ತಯಾರಿಸಿದವರ ಗುರುತೋ, ಬೆಳ್ಳಿಯ ‘800’ ಮುದ್ರೆಯೋ ಇರಬಹುದು. ಮ್ಯಾಗ್ನೆಟ್ ಹಿಡಿಯದಿದ್ದರೆ ನಕಲಿ ಅಂತ ತಕ್ಷಣ ತೀರ್ಪು ಕೊಡಬೇಡಿ, ಬೇರೆ ಲೋಹದ ಬಿಲ್ಲೆ ಹಾಕಿದ ಅಸಲಿಗಳೂ ಇವೆ. ಹಿಡಿದರೂ ಅಸಲಿ ಅಂತಲ್ಲ ಬಿಡಿ. ರಿಬ್ಬನ್ನನ್ನು ಕತ್ತಲಲ್ಲಿ ನೋಟು ನೋಡುವ ನೀಲಿ ದೀಪಕ್ಕೆ ಹಿಡಿಯಿರಿ. ಬಿಳಿ ದಾರ ಜೋರಾಗಿ ಹೊಳೆದರೆ ಅದು ಬಹುತೇಕ ಎರಡನೇ ಮಹಾಯುದ್ಧ ಮುಗಿದ ಮೇಲಿನದು.

ಬೆಲೆ ಕೇಳಿ ಅಳಿಯಂದಿರಿಗೆ ಬೇಜಾರಾಗಬಹುದು. ಮೊದಲ ಮಹಾಯುದ್ಧದಲ್ಲಿ ಎರಡನೇ ದರ್ಜೆಯ ಐರನ್ ಕ್ರಾಸನ್ನು ಸುಮಾರು 50 ಲಕ್ಷ ಜನಕ್ಕೆ ಕೊಟ್ಟಿದ್ದಾರೆ. ಸಾಮಾನ್ಯವಾಗಿ ನೂರು ಯೂರೋ ಒಳಗೇ ಸಿಗುವ ವಸ್ತು.

ನನ್ನ ಕೊರಗು ಬೆಲೆಯದಲ್ಲ. ಇದರ ಮೇಲೆ ಹೆಸರಿಲ್ಲ. ಯಾರ ಎದೆಯ ಮೇಲಿತ್ತು, ಗೊತ್ತಾಗುವ ದಾರಿಯೇ ಇಲ್ಲ. ಆ ಯುದ್ಧದಲ್ಲಿ ಜರ್ಮನಿಯ ಪರ ಸುಮಾರು 1 ಲಕ್ಷ ಯಹೂದಿಗಳೂ ಹೋರಾಡಿದರು, 12,000 ಮಂದಿ ಸತ್ತರು. ಎಷ್ಟೋ ಯಹೂದಿ ಮನೆಗಳ ಬೀರುವಿನಲ್ಲಿ ನಿಮ್ಮದರಂಥದೇ ಪದಕ ಇತ್ತು. ಮುಂದೆ ಅವರನ್ನು ಮನೆಯಿಂದ ಎಳೆದೊಯ್ದಾಗ ಆ ಪದಕ ಅವರನ್ನು ಕಾಯಲಿಲ್ಲ. ಇನ್ನೂ ಒಂದು ಸಂಗತಿ. 1918ರಲ್ಲಿ ಕಾರ್ಪೊರಲ್ ಹಿಟ್ಲರನಿಗೆ ಮೊದಲ ದರ್ಜೆಯ ಕ್ರಾಸ್ ಕೊಡಿ ಅಂತ ಶಿಫಾರಸು ಮಾಡಿದವನೂ ಒಬ್ಬ ಯಹೂದಿ ಅಧಿಕಾರಿಯೇ, ಹ್ಯೂಗೋ ಗುಟ್ಮನ್. ನಿಮ್ಮ ಕೈಲಿರುವುದು ಯಾರದ್ದೂ ಆಗಿರಬಹುದು. ಅದಕ್ಕೇ ಹೇಳೋದು, ಕೊಂಡರೆ ಪದಕದ ಜೊತೆ ಕೊಟ್ಟ ಪ್ರಮಾಣಪತ್ರ, ಸೈನಿಕನ ಪುಸ್ತಕ, ಫೋಟೋ ಏನಾದರೂ ಇರುವುದನ್ನು ಕೊಳ್ಳಿ. ಮತ್ತೆ ಅವನ್ನು ಬೇರೆ ಬೇರೆ ಮಾಡಿ ಮಾರಬೇಡಿ, ವ್ಯಾಪಾರಿಗಳು ಮಾಡುವ ಕೆಟ್ಟ ಕೆಲಸ ಅದು.

ಇನ್ನು ಸ್ಟಿಕ್ಕರ್. ಜರ್ಮನಿಯ ದಂಡಸಂಹಿತೆಯ 86ಎ ಕಲಂ ಪ್ರಕಾರ ನಾಜಿ ಚಿಹ್ನೆಯನ್ನು ನಾಲ್ಕು ಜನರ ಮುಂದೆ ತೋರಿಸುವುದು ಅಪರಾಧ. ಇತಿಹಾಸ, ಸಂಶೋಧನೆ, ಕಲೆಗೆ ವಿನಾಯಿತಿ ಇದೆ. ಮನೆಯೊಳಗೆ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. 1957ರ ಕಾನೂನು ಹಳೇ ಸೈನಿಕರಿಗೆ ಪದಕ ಧರಿಸಲು ಬಿಟ್ಟಿತು, ಆದರೆ ಸ್ವಸ್ತಿಕ ಇರಕೂಡದು, ಹಾಗಾಗಿ ಅದರ ಜಾಗಕ್ಕೆ ಓಕ್ ಎಲೆ ಬಂತು.

ನಮ್ಮದೂ ಅದೇ ಅಲ್ವಾ ಅಂತೀರಿ. ಗೆರೆ ಅದೇ ಇರಬಹುದು ಮೇಷ್ಟ್ರೇ. ಆದರೆ ಜರ್ಮನ್ ಭಾಷೆಯಲ್ಲಿ ಅದರ ಹೆಸರು ‘ಹಾಕನ್‌ಕ್ರಾಯ್ಟ್ಸ್’, ಅಂದರೆ ಕೊಕ್ಕೆ ಶಿಲುಬೆ. ನಮ್ಮ ಅಜ್ಜಿ ಅರಿಶಿನ ಕುಂಕುಮದಲ್ಲಿ ಬರೆಯುತ್ತಿದ್ದದ್ದು ಮನೆಗೆ ಬರುವವರಿಗೆ ಒಳ್ಳೆಯದಾಗಲಿ ಅಂತ. ನಾಜಿಗಳು ಬರೆದದ್ದು ಯಾರನ್ನು ಹೊರಗೆ ಹಾಕಬೇಕು ಅಂತ. ಗಣಪತಿ ಪಕ್ಕ ಬೇಡ. ಬೇರೆ ಡಬ್ಬಿಯಲ್ಲಿಡಿ. ಮೊಮ್ಮಕ್ಕಳು ತೆಗೆದು ನೋಡಿದರೆ ಗೊತ್ತಾಗಲಿ, ಏನು ಇದು, ಎಲ್ಲಿಂದ ಬಂತು ಅಂತ ಒಂದು ಚೀಟಿ ಬರೆದಿಡಿ.

ಸಂಗ್ರಹದ ಹುಚ್ಚು ಹತ್ತಿದ್ದರೆ ಸ್ವಲ್ಪ ನಮ್ಮ ಕಡೆಯೂ ಹುಡುಕಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಊರನ್ನು ತುರ್ಕರಿಂದ ಗೆದ್ದಿತು, ಸೆರೆ ಸಿಕ್ಕವರಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಪಡೆಯ ಸ್ಮಾರಕ ಇದೆ. ಆ ಕಾಲದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು, ಒಂದು ಕಡೆ ಐದನೇ ಜಾರ್ಜ್ ಮುಖ. ಅದರ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು, ಪಡೆ ಎಲ್ಲ ಒತ್ತಿರುತ್ತದೆ. ಅಕ್ಕಸಾಲಿಗನ ಕುಲುಮೆಗೆ ಹೋಗದೆ ಉಳಿದ ಒಂದು ಸಿಕ್ಕಿದರೆ, ಅದನ್ನು ಧರಿಸಿದವನ ಹೆಸರು ನಿಮ್ಮ ಬೆರಳಿಗೇ ತಾಗುತ್ತದೆ.

ನೀವು ಕಳಿಸಿದ ಫೋಟೋದಲ್ಲಿ 1939ರದ್ದರ ಬಳೆ ರಿಬ್ಬನ್ ಅಡಿ ಮುಚ್ಚಿಹೋಗಿದೆ. ರಿಬ್ಬನ್ ಸ್ವಲ್ಪ ಸರಿಸಿ, ಕಿಟಕಿ ಬೆಳಕಿನಲ್ಲಿ, ಬದಿಯಿಂದ ಇನ್ನೊಂದು ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.

– ಸಂ.