ನೆರೆ ಇಳಿದ ಮೇಲೆ ಮನೆ ನೋಡಲು ಹೋಗುವವರಿಗೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಹುಟ್ಟೂರು ಬಾದಾಮಿ ತಾಲ್ಲೂಕು, ಮಲಪ್ರಭಾ ದಂಡೆ. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂದಾಗ ಬಟ್ಟೆ, ಅಕ್ಕಿ ಕಳಿಸಿದ್ದು ಬಿಟ್ಟರೆ ನನ್ನ ಕಸುಬಿನಿಂದ ಊರಿಗೆ ಏನೂ ಉಪಯೋಗ ಆಗಲಿಲ್ಲ ಅನ್ನೋ ಬೇಸರ ಇನ್ನೂ ಇದೆ. ಈಗ ನಾವು ಹದಿನೈದು ಸ್ನೇಹಿತರು ಸೇರಿದ್ದೇವೆ, ಅದರಲ್ಲಿ ಇಬ್ಬರು ಆರ್ಕಿಟೆಕ್ಟ್‌ಗಳು. ಮತ್ತೆ ನೆರೆ ಬಂದರೆ ಹೋಗಿ ಮನೆಗಳ ಹಾನಿ ಅಂದಾಜು ಮಾಡಿಕೊಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಬೇಕು? ನಮ್ಮ ವರದಿಗೆ ಬೆಲೆ ಇರುತ್ತದಾ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆ. ಅದು ಸ್ಪಷ್ಟವಾಗದಿದ್ದರೆ ಊರಿಗೆ ಹೋದ ಮೊದಲ ದಿನವೇ ತೊಂದರೆ ಶುರುವಾಗುತ್ತದೆ. ಪರಿಹಾರ ಎಷ್ಟು ಅಂತ ತೀರ್ಮಾನ ಮಾಡುವವರು ನೀವಲ್ಲ. ಕಂದಾಯ ಇಲಾಖೆಯವರು, ಪಂಚಾಯತಿಯವರು, ಸರ್ಕಾರಿ ಎಂಜಿನಿಯರ್ ಸೇರಿ ಮಾಡುವ ಜಂಟಿ ಸಮೀಕ್ಷೆ, ಅಲ್ಲಿ ಬರೆಯುವ ಪಂಚನಾಮೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಂತ ನಿಮ್ಮ ಕೆಲಸಕ್ಕೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಬೆಲೆ ಇದೆ, ತುಂಬಾ ಇದೆ. ಆದರೆ ಅದು ಬೇರೆ ಕಡೆ ಇದೆ.

ಊರಿಗೆ ಕಾಲಿಟ್ಟ ತಕ್ಷಣ ನಿಮಗೆ ಬರುವ ಪ್ರಶ್ನೆ ಒಂದೇ: "ಸಾಹೇಬ್ರ, ನಮ್ಮ ಮನಿ ಎಷ್ಟು ಪರ್ಸೆಂಟ್ ಅಂತ ಬರೀತೀರಿ?" ಅವರು ಕೇಳುವುದು ಸಹಜ. 2019ರಲ್ಲಿ ರಾಜ್ಯ ಸರ್ಕಾರದ ಲೆಕ್ಕದಲ್ಲಿ ಶೇ 75ಕ್ಕಿಂತ ಜಾಸ್ತಿ ಹಾಳಾದ ಮನೆ 'ಎ' ವರ್ಗ, 5 ಲಕ್ಷ ರೂಪಾಯಿ. ಶೇ 15ರಿಂದ 25ರಷ್ಟು ಹಾಳಾಗಿದ್ದರೆ 'ಸಿ', 50 ಸಾವಿರ. ನಡುವೆ 'ಬಿ'. ಒಂದು ಅಕ್ಷರ ಆಚೀಚೆ ಆದರೆ ಒಂದು ಕುಟುಂಬದ ಹತ್ತು ವರ್ಷದ ಬದುಕು ಆಚೀಚೆ. ಅಂಥ ಕಡೆ ನೀವು ಬಾಯಿಮಾತಿಗೆ "ಎಂಬತ್ತು ಪರ್ಸೆಂಟ್ ಇರಬಹುದು ಅಜ್ಜಾ" ಅಂದು ಬಂದಿರಿ ಅನ್ನಿ. ನಾಳೆ ಸರ್ಕಾರಿ ಎಂಜಿನಿಯರ್ ನಲವತ್ತು ಬರೆದರೆ ಆ ಮನೆಯವರು ಯಾರ ಮಾತು ನಂಬಬೇಕು? ಅದಕ್ಕೇ ನೆರೆ ಬಂದ ಕಡೆ ಮನೆ ನೋಡುವ ನಮ್ಮ ತಂಡಕ್ಕೆ ನಾನು ಹಾಕಿದ ಮೊದಲ ನಿಯಮ: ಶೇಕಡಾ ಅನ್ನೋ ಮಾತು ಬಾಯಲ್ಲಿ ಬರಬಾರದು.

ಹಾಗಾದರೆ ನೀವು ಹೇಳಬೇಕಾದ್ದು ಏನು? ಈ ರಾತ್ರಿ ಈ ಮನೆಯಲ್ಲಿ ಮಲಗಬಹುದಾ, ಮಲಗಬಾರದಾ. ಅಷ್ಟೇ. ಆ ವಾರ ಊರಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇರುವುದಿಲ್ಲ, ಮತ್ತು ಇದಕ್ಕೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ಸಮೀಕ್ಷೆಗೆ ಬಂದವರಿಗೆ ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅನ್ನೋ ಒತ್ತಡ. ಜನ ಕಾಳಜಿ ಕೇಂದ್ರದಲ್ಲಿ ಎಷ್ಟು ದಿನ ಅಂತ ಇರುತ್ತಾರೆ? ನೀರು ಇಳಿದ ಮಾರನೇ ದಿನವೇ ಸೊಂಟಕ್ಕೆ ಸೆರಗು ಕಟ್ಟಿ ಮನೆಯ ಕೆಸರು ಬಳಿಯೋಕೆ ನಿಂತಿರುತ್ತಾರೆ.

ಜಪಾನಿನವರು ಈ ಎರಡು ಕೆಲಸವನ್ನು ಬೇರೆ ಬೇರೆ ಮಾಡಿಟ್ಟಿದ್ದಾರೆ. ಅಲ್ಲಿ ಭೂಕಂಪ ಆದ ಮೇಲೆ ತರಬೇತಿ ಪಡೆದು ಹೆಸರು ನೋಂದಾಯಿಸಿದ ಆರ್ಕಿಟೆಕ್ಟ್‌ಗಳು, ಎಂಜಿನಿಯರ್‌ಗಳು ಸ್ವಯಂಸೇವಕರಾಗಿ ಬಂದು ಮನೆ ಬಾಗಿಲಿಗೆ ಕೆಂಪು, ಹಳದಿ, ಹಸಿರು ಕಾಗದ ಅಂಟಿಸುತ್ತಾರೆ. ಕೆಂಪು ಅಂದರೆ ಒಳಗೆ ಹೋಗಬೇಡಿ. ಪರಿಹಾರಕ್ಕೆ ಬೇಕಾದ ಹಾನಿ ಪ್ರಮಾಣಪತ್ರವನ್ನು ನಗರಸಭೆಯವರು ಬೇರೆಯಾಗಿ ನೋಡಿ ಕೊಡುತ್ತಾರೆ. 1995ರ ಕೋಬೆ ಭೂಕಂಪದಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆಯಿತು, ಈಗ ಅಲ್ಲಿ ಹೀಗೆ ನೋಂದಾಯಿಸಿಕೊಂಡವರು ಒಂದು ಲಕ್ಷಕ್ಕೂ ಹೆಚ್ಚು ಇದ್ದಾರೆ. ಅಮೆರಿಕದಲ್ಲಿ ಬಿರುಗಾಳಿ, ನೆರೆಗೆಂದೇ 2004ರಲ್ಲಿ ಎಟಿಸಿ-45 ಅನ್ನೋ ಕೈಪಿಡಿ ಬಂತು, ಅದರಲ್ಲೂ ಇದೇ ಮೂರು ಬಣ್ಣ. ಓದಿಕೊಳ್ಳಿ. ಆದರೆ ಅದನ್ನಷ್ಟೇ ನಂಬಿಕೊಂಡು ಮಣ್ಣಿನ ಚಾವಣಿಯ ನಮ್ಮ ಮಾಳಿಗೆ ಮನೆ ನೋಡೋಕೆ ಹೋಗಬೇಡಿ.

ಯಾಕಂದರೆ ನಾವು ಕಾಲೇಜಿನಲ್ಲಿ ಓದಿದ್ದು ಆರ್‌ಸಿಸಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್. ಅಲ್ಲಿರುವುದು ಕಲ್ಲು-ಮಣ್ಣಿನ ಗೋಡೆ, ತೊಲೆ, ಜಂತೆ (ತೊಲೆಯ ಮೇಲಿನ ಅಡ್ಡ ಮರಗಳು), ಮೇಲೆ ಒಂದಡಿ ಮಣ್ಣು. ನೆನೆದಾಗ ಆ ಮಾಳಿಗೆಯ ಭಾರ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಕೆಲವು ಮನೆಯಲ್ಲಿ ಗೋಡೆ ಪೂರ್ತಿ ಕುಸಿದರೂ ಕಂಬ-ತೊಲೆ ಗಟ್ಟಿಯಾಗಿ ನಿಂತಿರುತ್ತವೆ, ಮಾಳಿಗೆ ಅಲ್ಲಾಡುವುದಿಲ್ಲ. ಇನ್ನು ಕೆಲವು ಕಡೆ ಗೋಡೆ ನೋಡೋಕೆ ನೆಟ್ಟಗಿರುತ್ತದೆ, ಆದರೆ ಜಂತೆಯ ತುದಿ ಕೂತಿರುವುದು ಆ ಗೋಡೆಯ ಮೇಲೇ, ಮತ್ತು ಗೋಡೆಯ ಬುಡ ಒಳಗೊಳಗೇ ಕರಗಿರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ಮಲಪ್ರಭೆ ದಂಡೆಯ ಒಬ್ಬ ಗೌಂಡಿ, ಅಂದರೆ ಗೋಡೆ ಕಟ್ಟುವ ಮೇಸ್ತ್ರಿ. ಗೋಡೆಯ ಬುಡಕ್ಕೆ ಒಂದು ಕಬ್ಬಿಣದ ಸಲಾಕೆ ಒತ್ತಿದರು. ಬೆಣ್ಣೆಗೆ ಚಾಕು ಹೋದ ಹಾಗೆ ಗೇಣುದ್ದ ಒಳಗೆ ಹೋಯಿತು. ಮೇಲೆ ಸುಣ್ಣ ಬಳಿದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು.

ಆ ಓಣಿಯಲ್ಲೇ ಒಬ್ಬ ಅಜ್ಜಿ ಹೇಳಿದ ಮಾತು ಇವತ್ತಿಗೂ ನಾನು ತರಬೇತಿಯಲ್ಲಿ ಹೇಳುತ್ತೇನೆ. "ತಮ್ಮಾ, ಹೊಳಿ ಇದ್ದಾಗ ಗ್ವಾಡಿ ನಿಂತಿರತೈತಿ. ಬಿಸಲು ಬಿದ್ದ ಮ್ಯಾಲ ನೋಡ ಅದರ ಆಟ." ನಿಜ. ನೀರು ನಿಂತಾಗ ಎರಡೂ ಕಡೆಯಿಂದ ಗೋಡೆಗೆ ಒತ್ತಾಸೆ ಇರುತ್ತದೆ. ನೀರು ಇಳಿದಾಗ ನೆನೆದ ಗೋಡೆಗೆ ತನ್ನ ಭಾರವೇ ಜಾಸ್ತಿಯಾಗುತ್ತದೆ. ಕೆಳಗೆ ಎರೆಮಣ್ಣು ಬೇರೆ. ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಮಣ್ಣು ಅದು, ಪಾಯವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದು ಸಲ ಹೋಗಿ ನೋಡಿ ಬಂದರೆ ಸಾಲದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಮನೆಯವರಿಗೆ ತೋರಿಸಿ, "ಬಿರುಕು ಈ ಗೆರೆ ದಾಟಿದರೆ ಅವತ್ತೇ ಹೊರಗೆ ಬನ್ನಿ, ನಮಗೂ ಫೋನ್ ಮಾಡಿ" ಅನ್ನಿ. ಎಂಟು ದಿನ ಬಿಟ್ಟು ಮತ್ತೆ ಹೋಗಿ. ಎರಡನೇ ಸಲ ಬರೋಕೆ ಆಗಲ್ಲ ಅನ್ನುವವರನ್ನು ಮೊದಲ ಸಲವೂ ಕರೆದುಕೊಂಡು ಹೋಗಬೇಡಿ. ಕಠಿಣ ಅನಿಸಬಹುದು, ಆದರೆ ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಹಗೇವು. ಜೋಳ ತುಂಬಿಡೋಕೆ ಹಿಂದಿನವರು ಮನೆಯ ಒಳಗೆ, ಅಂಗಳದಲ್ಲಿ, ಓಣಿಯಲ್ಲಿ ನೆಲದಡಿ ತೋಡಿದ ಗುಂಡಿಗಳು. ಈಗ ಬಳಕೆ ಇಲ್ಲ, ಎಷ್ಟೋ ಕಡೆ ಮೇಲೆ ಫರಸಿ ಕಲ್ಲು ಹಾಕಿಬಿಟ್ಟಿದ್ದಾರೆ. ನೀರು ಇಳಿದಾಗ ನೆಲ ದಿಢೀರ್ ಕುಸಿಯುತ್ತದೆ. ನರಗುಂದದಲ್ಲಿ ನೆಲ ಕುಸಿದಾಗಲೂ ಈ ಹಗೇವುಗಳ ಮಾತೇ ಬಂದದ್ದು. ಒಳಗೆ ಹೋಗುವ ಮೊದಲೇ ಕೇಳಿ: "ಹಗೇವು ಎಲ್ಲಿತ್ತು?" ಮನೆಯ ಹಿರಿಯ ಹೆಂಗಸರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ದಿನಾ ನೆಲ ಸಾರಿಸುವವರಿಗೆ ಯಾವ ಬಿರುಕು ಹಳೆಯದು, ಯಾವುದು ಹೊಳೆ ಬಂದ ಮೇಲಿನದು ಅನ್ನುವುದೂ ಗೊತ್ತಿರುತ್ತದೆ. ಗಂಡಸರ ಜೊತೆ ಮಾತ್ರ ಮಾತಾಡಿ ಬಂದ ತಂಡದ ವರದಿ ಅರ್ಧ ವರದಿ.

ಇನ್ನು ತಂಡ ಕಟ್ಟುವುದು. ಹದಿನೈದು ಮಂದಿ ಒಟ್ಟಿಗೆ ಒಂದು ಓಣಿಗೆ ನುಗ್ಗಬೇಡಿ. ಮೂರು ಮೂರು ಮಂದಿಯ ಐದು ತಂಡ ಮಾಡಿ: ಒಬ್ಬರು ನೋಡುವವರು, ಒಬ್ಬರು ಟೇಪ್ ಹಿಡಿಯುವವರು, ಒಬ್ಬರು ಬರೆಯುವವರು. ನಾಲ್ಕನೆಯವರಾಗಿ ಆ ಊರಿನ ಗೌಂಡಿಯೋ ಬಡಿಗರೋ ಕಡ್ಡಾಯವಾಗಿ ಇರಲಿ, ಮತ್ತು ಅವರಿಗೆ ಅವತ್ತಿನ ಕೂಲಿ ಕೊಡಿ. ನಿಮ್ಮ ಸೇವೆ ಪುಕ್ಕಟೆ ಇರಬಹುದು, ಅವರದ್ದೂ ಮನೆ ಬಿದ್ದಿದೆ. ಸರಿಯಾಗಿ ನೋಡಿದರೆ ಒಂದು ತಂಡಕ್ಕೆ ದಿನಕ್ಕೆ ಹದಿನೈದು ಮನೆ ಆಗುತ್ತದೆ. ಐವತ್ತು ಮುಗಿಸಿದೆವು ಅಂತ ಯಾರಾದರೂ ಹೇಳಿದರೆ ಅವರು ಹೊರಗಿನಿಂದ ನೋಡಿ ಬಂದಿದ್ದಾರೆ ಅಂತ ಅರ್ಥ.

ಹೋಗುವ ಮೊದಲು ತಹಶೀಲ್ದಾರರಿಗೆ ಪತ್ರ ಕೊಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅವರಿಗೂ ಒಂದು ಪ್ರತಿ ಹೋಗಲಿ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಖುದ್ದಾಗಿ ಕಾಣಿ. ಇದನ್ನು ಮಳೆಗಾಲದಲ್ಲಿ ಮಾಡೋಕೆ ಹೋದರೆ ಯಾರೂ ಕೈಗೆ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಮಾಡಿ. ಆಗಲೇ ಒಂದು ಭಾನುವಾರ ಊರಿಗೆ ಹೋಗಿ ಚೆನ್ನಾಗಿ ನಿಂತಿರುವ ಹತ್ತು ಮಾಳಿಗೆ ಮನೆ ನೋಡಿಕೊಂಡು ಬನ್ನಿ. ಗಟ್ಟಿ ಮನೆ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಹಾಳಾದ ಮನೆ ಅರ್ಥ ಆಗಲ್ಲ, ಅಲ್ವಾ?

ಪ್ರಶ್ನೆ: ನಾನು ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಹಿಂದಿನ ನೆರೆಯಲ್ಲಿ ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಕಡಿಮೆ ಹಾನಿ ಅಂತ ಬರೆದುಕೊಂಡು ಹೋದರು. ಆಮೇಲೆ ಆ ಮನೆಗಳೇ ಬಿದ್ದವು. ತಕರಾರು ಮಾಡೋಕೆ ನಮ್ಮ ಹತ್ತಿರ ಏನೂ ದಾಖಲೆ ಇರಲಿಲ್ಲ. ಇಂಥ ಸ್ವಯಂಸೇವಕರು ಬಂದರೆ ಅವರಿಂದ ನಾವು ಏನು ಕೇಳಿ ಪಡೆಯಬೇಕು?

ಉತ್ತರ: ಕಾಗದ ಕೇಳಿ ಮೇಡಂ. ಎಲ್ಲವನ್ನೂ ತಮ್ಮ ಮೊಬೈಲ್‌ನಲ್ಲಿ ತುಂಬಿಕೊಂಡು ಹೋದರೆ ನಿಮಗೆ ಪ್ರಯೋಜನ ಇಲ್ಲ. ಒಂದು ಪ್ರತಿ ಮನೆಯವರ ಕೈಯಲ್ಲಿ ಉಳಿಯಬೇಕು, ಕನ್ನಡದಲ್ಲಿ, ತಾರೀಕು ಮತ್ತು ನೋಡಿದವರ ಸಹಿ ಸಮೇತ.

ಅದರಲ್ಲಿ ಮನೆಯ ಒಂದು ಕೈನಕ್ಷೆ ಇರಲಿ. ನಿಮ್ಮ ಕಡೆ ಮನೆಯನ್ನು ಅಂಕಣದ (ಎರಡು ಕಂಬದ ಸಾಲಿನ ನಡುವಿನ ಜಾಗ) ಲೆಕ್ಕದಲ್ಲಿ ಹೇಳುತ್ತಾರಲ್ಲ, ಹಾಗೇ ಬರೆಸಿ: ಐದಂಕಣದ ಮನೆ, ಹಿಂದಿನ ಎರಡಂಕಣದ ಮಾಳಿಗೆ ಬಿದ್ದಿದೆ, ಪಡುವಣ ಗೋಡೆ ಇಪ್ಪತ್ತು ಅಡಿಯಲ್ಲಿ ಹನ್ನೆರಡು ಅಡಿ ಕುಸಿದಿದೆ. ಬರೀ 'ಭಾಗಶಃ ಹಾನಿ' ಅಂತ ಬರೆದರೆ ಯಾರು ಬೇಕಾದರೂ ಅಲ್ಲಗಳೆಯಬಹುದು. ಅಡಿ-ಇಂಚು ಬರೆದರೆ ಬಂದು ಅಳೆಯಲೇಬೇಕಾಗುತ್ತದೆ. ದನ ಕಟ್ಟುವ ಜಾಗ ಮನೆಗೆ ಹೊಂದಿಕೊಂಡಿದ್ದರೆ ಅದನ್ನೂ ಬೇರೆ ಸಾಲಿನಲ್ಲಿ ಬರೆಸಿ. 2022ರ ಕೇಂದ್ರದ ಮಾನದಂಡದಲ್ಲಿ ಅದಕ್ಕೆ 3,000 ರೂಪಾಯಿ ಪ್ರತ್ಯೇಕವಾಗಿದೆ, ಸಣ್ಣ ಮೊತ್ತ, ಆದರೂ ಬಿಡಬಾರದು. ಅದೇ ಮಾನದಂಡದಲ್ಲಿ ಬಯಲುಸೀಮೆಯ ಮನೆ ಪೂರ್ತಿ ಹೋದರೆ 1,20,000. ಶೇ 15 ಅಥವಾ ಅದಕ್ಕಿಂತ ಜಾಸ್ತಿ ಭಾಗಶಃ ಹಾನಿ ಅಂದರೆ ಕಚ್ಚಾ ಮನೆಗೆ 4,000, ಪಕ್ಕಾ ಮನೆಗೆ 6,500. ಪೂರ್ತಿ ಹಾನಿ, ಭಾಗಶಃ ಹಾನಿ, ಈ ಎರಡರ ನಡುವಿನ ಅಂತರ ನೋಡಿದರೆ ಅಳತೆ ಯಾಕೆ ಬೇಕು ಅಂತ ಗೊತ್ತಾಗುತ್ತದೆ.

ಫೋಟೋಗೂ ಒಂದು ಕ್ರಮ ಇದೆ. ಮೊದಲು ಮನೆ ನಂಬರ್ ಕಾಣುವ ಹಾಗೆ ಬಾಗಿಲು. ಆಮೇಲೆ ಹೊರಗಿನ ನಾಲ್ಕೂ ಕಡೆ, ಆಮೇಲೆ ಒಳಗೆ. ಗೋಡೆಯ ಮೇಲೆ ನೀರು ನಿಂತ ಗುರುತು ಇರುತ್ತದಲ್ಲ, ಅದರ ಪಕ್ಕ ಟೇಪ್ ಹಿಡಿದು ಒಂದು ಫೋಟೋ. ಜನ ಮೊದಲು ಅಳಿಸುವುದೇ ಆ ಗುರುತನ್ನು. ಸುಣ್ಣ ಬಳಿಯುವ ಮುಂಚೆ ತೆಗೆಸಿ. ಜಾಗ ಮತ್ತು ತಾರೀಕು ಬೀಳುವ ಕ್ಯಾಮೆರಾ ಆ್ಯಪ್ ಇದ್ದರೆ ಒಳ್ಳೆಯದು.

ಜಂಟಿ ಸಮೀಕ್ಷೆ ಬಂದ ದಿನ ಮನೆಯವರು ಈ ಕಾಗದ ಹಿಡಿದು ನಿಂತಿರಲಿ. ಸಮೀಕ್ಷೆ ಆದ ಮೇಲೆ ಮನೆ ಬಿದ್ದರೆ ಅದೇ ಕಾಗದ, ಹೊಸ ಫೋಟೋ ಇಟ್ಟು ಮರು ಪರಿಶೀಲನೆ ಮಾಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಮನೆಯ ಉತಾರ (ಆಸ್ತಿ ದಾಖಲೆ) ನೆನೆದು ಹೋಗಿದ್ದರೆ ಪಂಚಾಯತಿಯಲ್ಲಿ ನಕಲು ಸಿಗುತ್ತದೆ. ಒಂದು ಎಚ್ಚರಿಕೆ: ಆಧಾರ್, ಬ್ಯಾಂಕ್ ಪಾಸ್‌ಬುಕ್ ಫೋಟೋ ಯಾವ ಸ್ವಯಂಸೇವಕರಿಗೂ ಕೊಡಬೇಡಿ. ಅವರಿಗೆ ಅದರ ಅಗತ್ಯ ಇಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಿವಿಲ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮಂಥವರು ಹೋಗಬಹುದಾ?

ಉತ್ತರ: ಖಂಡಿತ ಹೋಗಿ. 2018ರ ನೆರೆಯಲ್ಲಿ ಕೇರಳದವರು ಮೊಬೈಲ್ ಆ್ಯಪ್ ಕೊಟ್ಟು ಸ್ವಯಂಸೇವಕರಿಂದಲೇ ಮನೆ ಮನೆಯ ಮಾಹಿತಿ ತುಂಬಿಸಿದರು. ಅಳೆಯುವುದು, ನಕ್ಷೆ ಬರೆಯುವುದು, ಎಂಟು ದಿನದ ಮೇಲೆ ಹೋಗಿ ಪೆನ್ಸಿಲ್ ಗೆರೆ ನೋಡಿಕೊಂಡು ಬರುವುದು, ಇದೆಲ್ಲ ಬೆಂಗಳೂರಿನವರಿಗಿಂತ ನಿಮಗೇ ಸುಲಭ, ಬಸ್ಸಿಗೆ ಹತ್ತಿದರೆ ಊರು. ಆದರೆ ಮಲಗಬಹುದು, ಮಲಗಬಾರದು ಅನ್ನೋ ಮಾತು ನೀವು ಹೇಳಬೇಡಿ, ಅನುಭವ ಇರುವವರೇ ಹೇಳಿ ಸಹಿ ಹಾಕಲಿ. ಅನುಮಾನ ಬಂದ ಗೋಡೆಯ ಹತ್ತಿರ ಹೋಗದೆ ಅದರ ಎತ್ತರದ ಒಂದೂವರೆ ಪಟ್ಟು ದೂರ ನಿಂತು ನೋಡಿ. ಮೀಟರ್ ಬೋರ್ಡ್ ಮುಟ್ಟಬೇಡಿ, ಕರೆಂಟ್ ತೆಗೆದಿದ್ದಾರೆ ಅಂತ ಲೈನ್‌ಮನ್ ಬಾಯಿಂದಲೇ ಕೇಳಿ. ಉದ್ದ ಬೂಟು ಹಾಕಿಕೊಳ್ಳಿ, ಕೆಸರಿನಲ್ಲಿ ಹಾವು ಇರುತ್ತದೆ. ಊಟದ ಡಬ್ಬಿ ನೀವೇ ಕಟ್ಟಿಕೊಂಡು ಹೋಗಿ. ಮನೆ ಕಳೆದುಕೊಂಡವರೂ "ಊಟ ಮಾಡ್ಕೊಂಡ ಹೋಗ್ರಿ" ಅಂತಲೇ ಕರೆಯುತ್ತಾರೆ.