ಪಶ್ಚಿಮ ಆಫ್ರಿಕಾದ ಮಾಲಿ ದೇಶಕ್ಕೆ ಫ್ರಾನ್ಸ್ ಸೇನೆ ಯಾಕೆ ಹೋಯಿತು, ಯಾಕೆ ವಾಪಸ್ ಬಂತು?

ಮಾಲಿ ಸರ್ಕಾರವೇ ಕರೆದಿತ್ತು. 2012ರಲ್ಲಿ ಅಲ್‌ಖೈದಾ ನಂಟಿನ ಗುಂಪುಗಳು ದೇಶದ ಉತ್ತರ ಭಾಗವನ್ನು ಹಿಡಿದವು. ಟಿಂಬಕ್ಟುವಿನ ಹಳೆಯ ಸೂಫಿ ಸಮಾಧಿಗಳನ್ನು ಗುದ್ದಲಿಯಿಂದ ಒಡೆದರು. ನೆನೆದರೆ ಈಗಲೂ ಸಂಕಟವಾಗುತ್ತದೆ. 2013ರ ಜನವರಿಯಲ್ಲಿ ಅವರು ಕೊನ್ನಾ ಊರನ್ನೂ ಹಿಡಿದು ದಕ್ಷಿಣಕ್ಕೆ ನುಗ್ಗುತ್ತಿದ್ದಾಗ ಮಧ್ಯಂತರ ಅಧ್ಯಕ್ಷ ದಿಯೊಂಕುಂಡಾ ಟ್ರಾವೊರೆ ನೆರವು ಕೇಳಿದರು. 11ರಂದು ಫ್ರೆಂಚ್ ಕಾರ್ಯಾಚರಣೆ ಶುರುವಾಯಿತು. ತಿಂಗಳು ಮುಗಿಯುವುದರೊಳಗೆ ಉತ್ತರದ ನಗರಗಳಾದ ಗಾವೊ, ಟಿಂಬಕ್ಟು ಎರಡೂ ಬಿಡುಗಡೆಯಾದವು. ಜನ ಬೀದಿಗಿಳಿದು ಫ್ರೆಂಚ್ ಬಾವುಟ ಬೀಸಿದರು.

ಆದರೆ ಉಗ್ರರು ಚದುರಿದ್ದರು ಅಷ್ಟೇ. ಆಮೇಲೆ ಮಧ್ಯ ಮಾಲಿಯ ಹಳ್ಳಿಗಳಿಗೂ ಹಬ್ಬಿದರು. ಹೊರಗಿನ ಸೈನ್ಯ ಊರು ಬಿಡಿಸಿಕೊಡಬಹುದು, ಅಲ್ಲಿ ಶಾಲೆ, ಪೊಲೀಸ್ ಠಾಣೆ ನಡೆಸಬೇಕಾದದ್ದು ಅಲ್ಲಿನ ಸರ್ಕಾರವೇ ಅಲ್ವಾ? ನನ್ನ ಪ್ರಕಾರ ಸೋತದ್ದು ಅಲ್ಲೇ. 2020, 2021ರಲ್ಲಿ ಮಾಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಫ್ರಾನ್ಸ್ ಜೊತೆಗಿನ ಸಂಬಂಧ ಪೂರ್ತಿ ಕೆಟ್ಟಿತು. 2022ರ ಆಗಸ್ಟ್‌ನಲ್ಲಿ ಕೊನೆಯ ಫ್ರೆಂಚ್ ತುಕಡಿ ಹೊರಟುಹೋಯಿತು.