ಗಂಜಿ ಊದಿದರೆ ಕೈ ಸೋಲುತ್ತದೆ!

ಪ್ರಶ್ನೆ: ಎಂಟು ವರ್ಷದ ಮಗಳು ಬಿಸಿ ಗಂಜಿ ಊದುವಾಗ ಬಲಗೈಯಿಂದ ಚಮಚ ಜಾರಿತು. ಹತ್ತು ನಿಮಿಷದಲ್ಲಿ ಸರಿಯಾಯಿತು. ಜೋರಾಗಿ ಅತ್ತಾಗಲೂ ಹೀಗೇ. ಎಂಆರ್‌ಐ ನೋಡಿ ‘ಮೊಯಮೊಯ’ ಅಂದರು. ಆಪರೇಷನ್ ಬೇಕೇ ಬೇಕಾ?
— ಒಬ್ಬ ತಾಯಿ, ಕಾಪು

ಉತ್ತರ: ಅಮ್ಮಾ, ಗಂಜಿಯದ್ದೇನೂ ತಪ್ಪಿಲ್ಲ. ಮೊಯಮೊಯ ಕಾಯಿಲೆಯಲ್ಲಿ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಗಳು ನಿಧಾನಕ್ಕೆ ಕಿರಿದಾಗುತ್ತವೆ, ಕೊರತೆ ತುಂಬಲು ಎಳೆಎಳೆಯಾಗಿ ಸಣ್ಣ ನಾಳಗಳು ಹುಟ್ಟಿಕೊಳ್ಳುತ್ತವೆ, ಆಂಜಿಯೋಗ್ರಾಮ್‌ನಲ್ಲಿ ಅವು ಹೊಗೆಯ ಹಾಗೆ ಕಾಣುವುದರಿಂದಲೇ ಈ ಜಪಾನಿ ಹೆಸರು. ಜೋರಾಗಿ ಊದಿದಾಗ, ಅತ್ತಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ನಾಳಗಳು ಇನ್ನೂ ಬಿಗಿಯುತ್ತವೆ. ಕೈ ಸೋಲುವುದು ಆಗಲೇ. ಸರಿಹೋಯಿತಲ್ಲ ಅಂತ ಸುಮ್ನೆ ಕೂರಬೇಡಿ, ಸ್ಟ್ರೋಕ್ ಆಗಬಹುದು. (ದೊಡ್ಡವರಲ್ಲಿ ಮಿದುಳಿನ ರಕ್ತಸ್ರಾವದ ಭಯವೂ ಜಾಸ್ತಿ.) ಮಾತ್ರೆಯಿಂದ ಕಿರಿದಾದ ನಾಳ ಬಿಡಿಸಿಕೊಳ್ಳುವುದಿಲ್ಲ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ: ನೆತ್ತಿಯ ಚರ್ಮದ ರಕ್ತನಾಳವನ್ನು ಮಿದುಳಿನ ಮೇಲೆ ಕೂರಿಸುತ್ತಾರೆ, ಅಲ್ಲಿಂದ ಹೊಸ ನಾಳ ಬೆಳೆಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ನೀರು ಚೆನ್ನಾಗಿ ಕುಡಿಸಿ, ಗಂಜಿ ಆರಿಸಿ ಕೊಡಿ.